ಬೆನ್ನುಮೂಳೆಯ ಟಿಬಿ: ರಾತ್ರಿ ನೀರು ಕುಡಿಯುವುದನ್ನೇ ಬಿಟ್ಟಿದ್ದ ಅಜ್ಜಿ

ಗೌರಮ್ಮ ಎಂದಿಟ್ಟುಕೊಳ್ಳೋಣ. ಹೆಸರಿನ ಜೊತೆಗೆ ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ವಯಸ್ಸು 72, ಹಳೇ ಮೈಸೂರು ಕಡೆಯ ಹಳ್ಳಿ, ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಐದಾರು ತಿಂಗಳು ನಡುನೋವೆಂದು ಮುಲಾಮು ಹಚ್ಚಿ, ಬೆಲ್ಟ್ ಕಟ್ಟಿಕೊಂಡು, ಕ್ಯಾಲ್ಸಿಯಂ ಮಾತ್ರೆ ನುಂಗಿ ದಿನ ದೂಡಿದ್ದರು. ವಯಸ್ಸಾದವರ ಬೆನ್ನುನೋವೆಂದರೆ ಮೂಳೆ ಸವೆದಿದೆ ಎಂದು ಹೇಳಿ ಮುಗಿಸುವುದೇ ಹೆಚ್ಚು. ಆದರೆ ಮಲಗಿದರೂ ಬಿಡದ ನೋವು, ಸಂಜೆಯಾದರೆ ಸಣ್ಣ ಜ್ವರ, ರವಿಕೆ ಸಡಿಲವಾಗುವಷ್ಟು ಇಳಿದ ತೂಕ, ಇವು ಸವಕಳಿಯಿಂದ ಬರುವಂಥವಲ್ಲ. ಎಂಆರ್‌ಐ ಮಾಡಿಸಿದಾಗ ಬೆನ್ನು, ಸೊಂಟ ಕೂಡುವ ಜಾಗದಲ್ಲಿ ಎರಡು ಮೂಳೆ, ನಡುವಿನ ಡಿಸ್ಕ್ ಹಾಳಾಗಿ ಪಕ್ಕದಲ್ಲಿ ಕೀವು ಕಟ್ಟಿತ್ತು. ಸೂಜಿ ಹಾಕಿ ತೆಗೆದ ಕೀವನ್ನು, ಟಿಬಿ ರೋಗಾಣುವಿನ ಜೀನ್ ಹುಡುಕುವ ಸಿಬಿನ್ಯಾಟ್ ಪರೀಕ್ಷೆಗೆ ಕಳಿಸಿದ ಮೇಲೆ ಟಿಬಿ ಎಂದು ಖಚಿತವಾಯಿತು. ಈ ವಯಸ್ಸಿನಲ್ಲಿ ಬೆನ್ನಿಗೆ ಸೂಜಿ ಯಾಕೆ ಎಂದು ಮನೆಯವರು ತಕರಾರು ಮಾಡಿದ್ದರು. ಸೋಂಕು ಯಾವುದೆಂದು ತಿಳಿಯದೆ ಔಷಧಿ ಕೊಡುವುದಾದರೂ ಹೇಗೆ? ಸ್ಟೆಫೈಲೊಕಾಕಸ್‌ನಂಥ ಬ್ಯಾಕ್ಟೀರಿಯಾ ಆಗಿದ್ದರೆ ಸಾಮಾನ್ಯವಾಗಿ ಆರು ವಾರದ ಆಂಟಿಬಯಾಟಿಕ್ ಸಾಕು. ದನ, ಕುರಿ, ಮೇಕೆಗಳಿಂದ ಬರುವ ಬ್ರುಸೆಲ್ಲಾ ಆದರೆ ಔಷಧಿಯೇ ಬೇರೆ. ಟಿಬಿಯಾದರೆ ಕಡಿಮೆಯೆಂದರೂ ಒಂದು ವರ್ಷ.

ರೋಗಿಗಳ, ಮನೆಯವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಗೌರಮ್ಮನವರನ್ನು ನನ್ನ ಬಳಿ ಕಳಿಸಿದಾಗ ಚೀಟಿಯಲ್ಲಿ ಬರೆದದ್ದು ಇಷ್ಟೇ: ಮಾತ್ರೆ ನಿಲ್ಲಿಸಿದ್ದಾರೆ, ಊಟ ಮಾಡುತ್ತಿಲ್ಲ.

ಮಗ ಬಾಗಿಲಲ್ಲೇ ನಿಲ್ಲಿಸಿ ಮೆಲ್ಲಗೆ ಹೇಳಿದರು: "ಅಮ್ಮಂಗೆ ಟಿಬಿ ಅಂತ ಹೇಳಿಲ್ಲ ಮೇಡಂ. ನರದ ತೊಂದ್ರೆ ಅಂದಿದ್ದೀವಿ, ನೀವೂ ಹಾಗೇ ಹೇಳಿ." ಪ್ರೀತಿಯಿಂದಲೇ ಹೇಳಿದ ಮಾತು ಅದು. ಆದರೂ ನಾನು ಒಪ್ಪಲಿಲ್ಲ. ವರ್ಷವಿಡೀ ಮಾತ್ರೆ ನುಂಗಬೇಕಾದವರು ಅವರು, ಯಾಕೆ ಎಂದು ಅವರಿಗೇ ಗೊತ್ತಿರಬೇಡವೇ? ಸುಳ್ಳು ಹೇಳಲಾರೆ, ಆದರೆ ಅವರು ಎಷ್ಟು ಕೇಳುತ್ತಾರೋ ಅಷ್ಟನ್ನೇ ಹೇಳುತ್ತೇನೆ ಎಂದು ಒಪ್ಪಿಸಿ, ಗೌರಮ್ಮನವರ ಜೊತೆ ಒಬ್ಬಳೇ ಕೂತೆ.

"ಅಜ್ಜಿ, ನಿಮ್ಗೆ ಏನಾಗಿದೆ ಅಂದ್ಕೊಂಡಿದ್ದೀರಿ?"

"ಕ್ಷಯ ಕಣವ್ವ. ನನ್ ತಟ್ಟೆ ಲೋಟ ಬೇರೆ ಮಾಡಿದ್ ದಿನಾನೇ ಗೊತ್ತಾಯ್ತು. ಮಗೀನೂ ಹತ್ರ ಬಿಡಾಕಿಲ್ಲ."

ಎಲ್ಲಕ್ಕಿಂತ ಕಷ್ಟವಾಗಿರುವುದು ಯಾವುದು ಎಂದು ಕೇಳಿದೆ. ನೋವು ಎನ್ನುತ್ತಾರೆಂದು ಕಾದೆ. ಅವರು ಹೇಳಿದ್ದು ಕಕ್ಕಸಿನ ವಿಷಯ. ರಾತ್ರಿ ಎದ್ದರೆ ಸೊಸೆಯನ್ನು ಎಬ್ಬಿಸಬೇಕು, ಹಗಲೆಲ್ಲ ಗಾರ್ಮೆಂಟ್ಸ್‌ನಲ್ಲಿ ದುಡಿದು ಬಂದ ಹುಡುಗಿ. ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂರಲು ಬೆನ್ನು ಬಿಡುವುದಿಲ್ಲ, ಅವಳು ಹಿಡಿದುಕೊಂಡೇ ನಿಂತಿರಬೇಕು. ಅದಕ್ಕೇ ಮಧ್ಯಾಹ್ನ ಮೂರರ ಮೇಲೆ ನೀರು ಮುಟ್ಟುತ್ತಿರಲಿಲ್ಲ, ರಾತ್ರಿ ಊಟವನ್ನೂ ಬಿಟ್ಟಿದ್ದರು. ಉರಿಮೂತ್ರ ಶುರುವಾಗಿತ್ತು. ಮಲ ಕಟ್ಟಿ, ತಿಣುಕಿದರೆ ಬೆನ್ನು ಸಿಡಿಯುತ್ತಿತ್ತು. ಇದರ ಮೇಲೆ ಮೂತ್ರ ಕೆಂಪಗಾದದ್ದು ಕಂಡು ರಕ್ತವೇ ಹೋಗುತ್ತಿದೆ ಎಂದು ಹೆದರಿ ಮಾತ್ರೆ ನಿಲ್ಲಿಸಿಬಿಟ್ಟಿದ್ದರು. ಅದು ಟಿಬಿಗೆ ಕೊಡುವ ರಿಫಾಂಪಿಸಿನ್ ಮಾತ್ರೆಯ ಬಣ್ಣ, ರಕ್ತವಲ್ಲ. ಮೊದಲ ಡೋಸ್ ಕೊಡುವಾಗಲೇ ಯಾರಾದರೂ ಇದನ್ನು ಹೇಳಿದ್ದರೆ ಆ ಹೆದರಿಕೆಯೇ ಇರುತ್ತಿರಲಿಲ್ಲ.

ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬ ಭಯ ಬೇಡ. "ನಾನಾಗಿ ಏನೂ ಮಾಡ್ಕಳಲ್ಲ, ದೇವ್ರು ಕರ್ಕಂಡ್ರೆ ಸಾಕು" ಎಂದರು. ಅಷ್ಟನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ವೈದ್ಯರಿಗೆ ತಿಳಿಸಿದೆ, ಪ್ರತಿ ಭೇಟಿಯಲ್ಲೂ ಮತ್ತೆ ಕೇಳಿದೆ, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿಯಾದ ಟೆಲಿ ಮನಸ್‌ನ 14416 ಸಂಖ್ಯೆಯನ್ನು ಮಗನ ಫೋನಿನಲ್ಲಿ ಹಾಕಿಸಿದೆ.

ಆಮೇಲೆ ಮಗ, ಸೊಸೆಯನ್ನೂ ಕರೆದು ಎಲ್ಲರೂ ಒಟ್ಟಿಗೆ ಕೂತೆವು. ಮೊದಲು ತಟ್ಟೆ ಲೋಟದ ಮಾತು. ಎದೆಯ ಎಕ್ಸ್‌ರೇ, ಕಫ ಪರೀಕ್ಷೆ ಎರಡರಲ್ಲೂ ಏನೂ ಸಿಕ್ಕಿರಲಿಲ್ಲ. ಶ್ವಾಸಕೋಶದಲ್ಲಿ ಇಲ್ಲದ, ಮೂಳೆಯಲ್ಲಷ್ಟೇ ಇರುವ ಟಿಬಿ ಜೊತೆಗೆ ಉಂಡರೆ, ಮಲಗಿದರೆ ಹರಡುವುದಿಲ್ಲ. ಮೊಮ್ಮಗು ಅಜ್ಜಿಯ ಮಂಚದ ಮೇಲೆಯೇ ಆಡಲಿ ಎಂದೆ. ಸೊಸೆ ಅತ್ತುಬಿಟ್ಟಳು, ಮಗುವಿನ ಭಯಕ್ಕೆ ಹಾಗೆ ಮಾಡಿದ್ದಳಷ್ಟೇ.

ಕಕ್ಕಸಿಗೆ ಪರಿಹಾರ ಹುಡುಕುವುದರಲ್ಲೇ ನಮ್ಮ ಹೆಚ್ಚಿನ ಹೊತ್ತು ಹೋಯಿತು, ಹೋಗಬೇಕಾದದ್ದೂ ಹಾಗೆಯೇ. ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ, ಸುತ್ತ ಹಳೆ ಸೀರೆಯ ಪರದೆ, ಹಿಡಿದು ಏಳಲು ಗೋಡೆಗೆ ಕಬ್ಬಿಣದ ಹಿಡಿ. ಫಿಸಿಯೋಥೆರಪಿಸ್ಟ್ ಬಂದು, ನಡು ತಿರುಚದೆ ಇಡೀ ಮೈಯನ್ನು ಒಟ್ಟಿಗೆ ಮಗ್ಗುಲಾಗಿಸಿ, ಕಾಲು ಕೆಳಗಿಳಿಸಿ, ಕೈ ಊರಿ ಏಳುವುದನ್ನು ಕಲಿಸಿದರು. ಬೆನ್ನಿಗೆ ಆಸರೆಯಾಗಿ ಕಟ್ಟುವ ಬ್ರೇಸ್ ಬೆವರಿಗೆ ಕಚ್ಚುತ್ತದೆಂದು ಅವರು ಬಿಚ್ಚಿಡುತ್ತಿದ್ದರು, ಒಳಗೆ ಹತ್ತಿಯ ಬನಿಯನ್ ಹಾಕಿಸಿದೆವು. ನೀರನ್ನು ಬೆಳಗಿನಿಂದ ಸಂಜೆ ಆರರೊಳಗೆ ಹಂಚಿ ಕುಡಿಯುವುದೆಂದಾಯಿತು.

ವೈದ್ಯರು ಆಪರೇಷನ್ ಬೇಡ ಎಂದದ್ದು ಮಗನನ್ನು ಒಳಗೊಳಗೇ ಕೊರೆಯುತ್ತಿತ್ತು: "ಮುದುಕಿ ಅಂತ ಕೈಬಿಟ್ರಾ ಮೇಡಂ?" ಇಲ್ಲ. ಬೆನ್ನುಮೂಳೆಯ ಟಿಬಿ ಬಹುಪಾಲು ಔಷಧಿಯಿಂದಲೇ ವಾಸಿಯಾಗುತ್ತದೆ. ಕಾಲಿನ ಶಕ್ತಿ ಕುಂದಿದರೆ, ಮೂಳೆ ಕುಸಿದು ಬೆನ್ನು ಬಾಗುತ್ತಿದ್ದರೆ, ಔಷಧಿಗೆ ಸೋಂಕು ಬಗ್ಗದಿದ್ದರೆ ಆಪರೇಷನ್ನಿನ ಮಾತು ಬರುತ್ತದೆ. ಇದನ್ನು ಶಸ್ತ್ರಚಿಕಿತ್ಸಕರ ಬಾಯಿಂದಲೇ ಅವರಿಗೆ ಹೇಳಿಸಿದೆ. ಕಾಲು ಸೋತರೆ, ಮೂತ್ರ ನಿಂತುಹೋದರೆ, ಕುಳಿತುಕೊಳ್ಳುವ ಜಾಗ ಮರಗಟ್ಟಿದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಬನ್ನಿ, ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅಥವಾ ಬಣ್ಣ ಸರಿಯಾಗಿ ಕಾಣದಿದ್ದರೆ ಅವತ್ತೇ ವೈದ್ಯರಿಗೆ ತಿಳಿಸಿ ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ರಿಫಾಂಪಿಸಿನ್ ಕೆಲವು ಸಕ್ಕರೆ ಮಾತ್ರೆಗಳ ಬಲ ತಗ್ಗಿಸುವುದರಿಂದ ವೈದ್ಯರು ಇನ್ಸುಲಿನ್‌ಗೆ ಬದಲಿಸಿದ್ದರು. ಅದನ್ನು ಚುಚ್ಚುವ ಕೆಲಸವನ್ನು ಮಗ ವಹಿಸಿಕೊಂಡರು. ಅಲ್ಲಿಯವರೆಗೆ ಎಲ್ಲವೂ ಸೊಸೆಯ ತಲೆಯ ಮೇಲೆಯೇ ಇತ್ತು.

ಟಿಬಿ ರೋಗಿಗಳ ಆಹಾರಕ್ಕೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಸಿಗುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ. ಅದು ಅವರದೇ ಖಾತೆಗೆ ಬರುವಂತೆ ಮಾಡಿಸಿದೆವು. ತನ್ನ ದುಡ್ಡಿನ ಮೊಟ್ಟೆ, ಹಾಲು ಎಂದಾಗ ಅಜ್ಜಿ ಬೇಡವೆನ್ನುವುದು ನಿಂತಿತು.

ಏನು ಮಾಡುವಂತಾಗಬೇಕು ಎಂಬ ನನ್ನ ಪ್ರಶ್ನೆಗೆ ಗೌರಮ್ಮ ಕೊಟ್ಟ ಉತ್ತರ: ಜಗುಲಿ ಮೇಲೆ ಕೂತು ಅಕ್ಕಿ ಆರಿಸಬೇಕು. ಐದನೇ ತಿಂಗಳಿಗೆ ಬಂದಾಗ ವಾಕರ್ ಹಿಡಿದು ಜಗುಲಿಗೆ ಹೋಗುತ್ತಿದ್ದರು. ನೆಲದ ಮೇಲಲ್ಲ, ಕೈಯಿರುವ ಕುರ್ಚಿಯಲ್ಲಿ ಕೂತು, ಮೊರವನ್ನು ತೊಡೆಯ ಮೇಲಿಡದೆ ಸ್ಟೂಲಿನ ಮೇಲಿಟ್ಟು ಕಾಲು ಗಂಟೆ ಆರಿಸುತ್ತಾರೆ. ನೋವು ಹೋಗಿದೆಯಲ್ಲ, ಇನ್ನು ಮಾತ್ರೆ ಬಿಡಬಹುದೇ ಎಂದು ಮಗ ಕೇಳಿದರು. ನೋವು ಮೊದಲು ಹೋಗುತ್ತದೆ, ಸೋಂಕು ಹೋಗಲು ಬಹಳ ಕಾಲ ಬೇಕು. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ಹತ್ತು ತಿಂಗಳು ಮೂರು. ವೈದ್ಯರು ನೋಡಿ ಇನ್ನೂ ಮುಂದುವರಿಸಲೂಬಹುದು. ನಡುವೆ ಬಿಟ್ಟರೆ ಕಾಯಿಲೆ ಮರುಕಳಿಸಬಹುದು, ಆಗ ಇದೇ ಮಾತ್ರೆಗೆ ಬಗ್ಗದೆಯೂ ಹೋಗಬಹುದು. ಇದನ್ನು ಮಗನಿಗೆ ಹೇಳುವಾಗ ಗೌರಮ್ಮನವರ ಮುಖ ನೋಡಿಯೇ ಹೇಳಿದೆ. "ನಾನೇ ಗ್ಯಾಪಕ ಮಡಿಕ್ಕೊಂಡು ನುಂಗ್ತೀನಿ ಬಿಡವ್ವ" ಎಂದರು.