ಒಂದು ಕವಲಿಗೆ ಮಾತ್ರ ಹೂಳು ಏಕೆ? ಗಜನಿ ಹಳ್ಳದ ಪ್ರಶ್ನೆಗೆ ಉತ್ತರ

ನೀವು ಕೇಳಿದ್ದು ಇಷ್ಟು: ಅಘನಾಶಿನಿ ನದಿಯಿಂದ ಕವಲೊಡೆದು ನಿಮ್ಮ ಗಜನಿಯ (ಉಪ್ಪುನೀರು ಬಂದುಹೋಗುವ ತಗ್ಗು ಗದ್ದೆ) ಜಂತ್ರಡಿವರೆಗೆ (ಹಲಗೆ ಹಾಕಿ ನೀರು ತಡೆಯುವ ತೂಬು) ಬರುವ ಹಳ್ಳ ಹೂಳು ತುಂಬಿ ಕಿರಿದಾಗುತ್ತಿದೆ, ಕುರ್ವೆಯ (ನದಿ ನಡುವಿನ ದ್ವೀಪ) ಆಚೆ ಬದಿಯ ಕವಲು ಮಾತ್ರ ಆಳವಾಗಿಯೇ ಇದೆ. ಮಳೆಗಾಲದಲ್ಲಿ ನೀರು ಇಳಿಯದೆ ಉಪ್ಪು ತಾಳುವ ಕಗ್ಗ ಭತ್ತವೂ ಕೊಳೆಯುತ್ತದೆ. ಬೇಸಿಗೆಯಲ್ಲಿ ಹಿಟಾಚಿ ತರಿಸಿ ತೆಗೆಸಿದರೆ ಆದೀತೇ?

ತೆಗೆಸಬಹುದು. ಆದರೆ ಹೂಳು ಎಲ್ಲಿಂದ ಬಂತೆಂದು ನೋಡದೆ ತೆಗೆಸಿದರೆ ಕೊಟ್ಟ ಹಣ ಅದೇ ಹಳ್ಳದಲ್ಲಿ ಹೂತುಹೋಗುತ್ತದೆ. ಮೊದಲು ಪೂರ್ತಿ ಇಳಿತದ ಹೊತ್ತಿಗೆ ಹಳ್ಳಕ್ಕೆ ಇಳಿದು ಮೂರು ಕಡೆಯ ಮಣ್ಣು ತನ್ನಿ: ಕವಲಿನ ಬಾಯಿ, ನಡುಭಾಗ, ಜಂತ್ರಡಿಯ ಎದುರು. ಬೆರಳುಗಳ ನಡುವೆ ತಿಕ್ಕಿ. ಕವಲಿನ ಬಾಯಲ್ಲಿ ಹೊಯ್ಗೆ (ಮರಳು) ಸಿಕ್ಕಿ, ಜಂತ್ರಡಿ ಎದುರು ಬೆಣ್ಣೆಯಂಥ ಕೆಸರು ಸಿಕ್ಕರೆ ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಎರಡಕ್ಕೂ ಮದ್ದು ಬೇರೆ.

ಹೊಯ್ಗೆ ತಳಕ್ಕೆ ಹತ್ತಿರ ಸಾಗುತ್ತದೆ. ಕವಲು ಒಡೆಯುವಲ್ಲಿ ಮೇಲಿನ ನೀರಿಗೆ ವೇಗ ಜಾಸ್ತಿ, ಅದು ನೇರ ಮುಂದಕ್ಕೆ ಹೋಗಿಬಿಡುತ್ತದೆ. ತಳದ ನೀರು ನಿಧಾನ, ಹಾಗಾಗಿ ಪಕ್ಕದ ಕವಲಿಗೆ ಸುಲಭವಾಗಿ ತಿರುಗುತ್ತದೆ. ನದಿಗೆ ಹೆಚ್ಚುಕಡಿಮೆ ಅಡ್ಡವಾಗಿ ತೆರೆದ ಸಣ್ಣ ಕವಲು ನೀರಿನಲ್ಲಿ ಪಡೆಯುವ ಪಾಲು ಕಡಿಮೆ, ಹೊಯ್ಗೆಯಲ್ಲಿ ಪಡೆಯುವ ಪಾಲು ಅದಕ್ಕಿಂತ ಎಷ್ಟೋ ಹೆಚ್ಚು. ನಿಮ್ಮ ಕವಲು ಸೋತು ಆಚೆ ಬದಿಯದು ಗೆದ್ದಿರುವುದಕ್ಕೆ ಒಂದು ಕಾರಣ ಇದು. ಒಮ್ಮೆ ಬಾಯಿ ಸ್ವಲ್ಪ ಹೂತರೆ ನೀರು ಇನ್ನೂ ಕಡಿಮೆ ಬರುತ್ತದೆ, ಬಂದ ಹೊಯ್ಗೆ ಅಲ್ಲೇ ಕೂರುತ್ತದೆ.

ನುಣ್ಣಗಿನ ಕೆಸರಿನ ಕತೆ ಬೇರೆ. ಅದು ಮೇಲಿನಿಂದ ತಳದವರೆಗೆ ಹೆಚ್ಚುಕಡಿಮೆ ಸಮನಾಗಿ ಬೆರೆತಿರುವುದರಿಂದ ನೀರು ಹಂಚಿಹೋದಂತೆಯೇ ಹಂಚಿಹೋಗುತ್ತದೆ. ಎಲ್ಲಿ ಕೂರುತ್ತದೆ ಅನ್ನುವುದೇ ಪ್ರಶ್ನೆ. ಸಿಹಿನೀರಿನಲ್ಲಿ 2 ಮೈಕ್ರಾನಿನ ಜೇಡಿಕಣ ಗಂಟೆಗೆ ಒಂದೂವರೆ ಸೆಂಟಿಮೀಟರ್ ಕೂಡ ಇಳಿಯುವುದಿಲ್ಲ, ಒಂದು ಮೀಟರ್ ಇಳಿಯಲು ಸುಮಾರು 3 ದಿನ ಬೇಕು. ಅದೇ ಕಣಗಳು ಲೀಟರಿಗೆ ಕೆಲವೇ ಗ್ರಾಂ ಉಪ್ಪಿರುವ ನೀರು ಸೇರಿದರೆ ಒಂದಕ್ಕೊಂದು ಅಂಟಿ ಹಿಂಜಲು ಹಿಂಜಲಾಗುತ್ತವೆ, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಒಂದು ಮೀಟರ್ ಕೆಳಗಿಳಿಯುತ್ತವೆ. ಭರತ (ಸಮುದ್ರದ ಉಬ್ಬರ) ತುಂಬಿ ನೀರು ನಿಲ್ಲುವ ಹೊತ್ತು ಅಷ್ಟಕ್ಕೆ ಸಾಕು. ಕೂತ ಕೆಸರನ್ನು ಎಬ್ಬಿಸಲು, ಅದನ್ನು ತೇಲಿಸಿ ತಂದ ವೇಗಕ್ಕಿಂತ ಹೆಚ್ಚು ವೇಗ ಬೇಕು. ಸಣ್ಣ ಹಳ್ಳಗಳಲ್ಲಿ ಭರತ ಬೇಗ ಏರುತ್ತದೆ, ಇಳಿತ ನಿಧಾನ. ಏರುವಾಗ ಜೋರಾಗಿ ಬಂದ ಕೆಸರು ಇಳಿಯುವಾಗ ಪೂರ್ತಿ ಹೊರಗೆ ಹೋಗುವುದಿಲ್ಲ. ಹಾಗಾಗಿ ಜಂತ್ರಡಿ ಎದುರಿನ ಕೆಸರು ಮಳೆಗಾಲದಲ್ಲಿ ಘಟ್ಟದಿಂದ ನೇರ ಬಂದು ಬಿದ್ದದ್ದೇ ಆಗಬೇಕೆಂದಿಲ್ಲ. ಮಳೆಗಾಲದಲ್ಲಿ ಅಳಿವೆಯ ಹತ್ತಿರ ಕೂತದ್ದನ್ನು ಬೇಸಿಗೆಯ ಭರತ ವಾಪಸು ತಂದು ಸುರಿದಿರಬಹುದು.

ಇನ್ನೊಂದು ಜಾಗದ ಮೇಲೆ ಕಣ್ಣಿಡಿ. ಕುರ್ವೆಯನ್ನು ಸುತ್ತುವ ಕವಲಿಗೆ ಭರತ ಎರಡೂ ತುದಿಯಿಂದ ನುಗ್ಗುತ್ತದೆ. ಎರಡು ನೀರು ಎದುರುಬದುರಾಗುವಲ್ಲಿ ವೇಗ ಸೊನ್ನೆ, ಕೆಸರು ಬೀಳುವುದು ಅಲ್ಲೇ. ಎರಡು ತುದಿಯಿಂದ ಒಂದೊಂದು ತೆಂಗಿನಕಾಯಿ ಬಿಟ್ಟು ದೋಣಿಯಲ್ಲಿ ಹಿಂಬಾಲಿಸಿದರೆ ಜಾಗ ತಿಳಿಯುತ್ತದೆ. ಜಂತ್ರಡಿ ಅದೇ ಜಾಗಕ್ಕೆ ತೆರೆದುಕೊಂಡಿದ್ದರೆ ಎಷ್ಟು ತೋಡಿದರೂ ಪ್ರಯೋಜನವಿಲ್ಲ.

ಇನ್ನು, ಎಷ್ಟು ಕೆಸರು ಒಳಗೆ ಬಂದು ಎಷ್ಟು ವಾಪಸು ಹೋಗುತ್ತದೆ ಅನ್ನುವ ಅಳತೆ. ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದ ಮಾರನೇ ದಿನ ಒಮ್ಮೆ, ಅಷ್ಟಮಿ ಕಳೆದ ಮಾರನೇ ದಿನ ಇನ್ನೊಮ್ಮೆ, ಪ್ರತಿ ಸಲ ಸತತ 13 ಗಂಟೆ ಅಳೆಯಿರಿ. ಕಾರವಾರ ಬಂದರಿನ ಭರತದ ಪಟ್ಟಿ ದಿನ ಗೊತ್ತುಮಾಡಲು ಸಾಕು. ನಿಮ್ಮ ಹಳ್ಳದ ಹೊತ್ತು ಅದಕ್ಕಿಂತ ತಡವಾಗಿರುತ್ತದೆ, ಆದ್ದರಿಂದ ಗುರುತು ಹಾಕಿದ ಬಿದಿರಿನ ಗಳ ನೆಟ್ಟು ಏರಿಳಿತವನ್ನು ನೀವೇ ಬರೆದುಕೊಳ್ಳಿ. ಹಳ್ಳದ ಅಡ್ಡಕ್ಕೆ ಹಗ್ಗ ಕಟ್ಟಿ 2 ಮೀಟರಿಗೊಮ್ಮೆ ಆಳ ನೋಡಿ. ವೇಗಕ್ಕೆ, ಅರ್ಧ ಮುಳುಗಿ ತೇಲುವ ಕಾಯಿ 20 ಮೀಟರ್ ಸಾಗಲು ಎಷ್ಟು ಸೆಕೆಂಡ್ ಎಂದು ಎಣಿಸಿ. ಬಂದ ವೇಗವನ್ನು 0.85ರಿಂದ ಗುಣಿಸಿದರೆ ಮೇಲಿಂದ ತಳದವರೆಗಿನ ಸರಾಸರಿ ಸಿಗುತ್ತದೆ. ಪ್ರತಿ ಗಂಟೆಗೆ ನಡು ಆಳದಿಂದ ಒಂದು, ತಳಕ್ಕಿಂತ ಒಂದು ಗೇಣು ಮೇಲಿಂದ ಒಂದು, ಹೀಗೆ ಒಂದು ಲೀಟರಿನ ಎರಡು ಬಾಟಲಿ ನೀರು ಹಿಡಿಯಿರಿ. ಬೂಚಿಗೆ ದಾರ ಕಟ್ಟಿದ ಬಾಟಲಿಯನ್ನು ಗಳಕ್ಕೆ ಬಿಗಿದು ಇಳಿಸಿ, ಬೇಕಾದ ಆಳದಲ್ಲಿ ದಾರ ಎಳೆದರೆ ಆಯಿತು. ಕಾಲಿನಿಂದ ತಳ ಕಲಕಬಾರದು.

ಬಾಟಲಿಯ ಕೆಸರನ್ನು ತೂಗುವಾಗ ಎಲ್ಲರೂ ಎಡವುವುದು ಉಪ್ಪಿನಲ್ಲಿ. ಲೀಟರಿಗೆ 30 ಗ್ರಾಂ ಉಪ್ಪಿರುವ ನೀರು 100 ಮಿಲಿಲೀಟರ್ ಉಳಿದು ಒಣಗಿದರೆ 3 ಗ್ರಾಂ ಉಪ್ಪೇ ಆಗುತ್ತದೆ. ನೀವು ಹುಡುಕುತ್ತಿರುವ ಕೆಸರು ಲೀಟರಿಗೆ 0.1 ಅಥವಾ 0.2 ಗ್ರಾಂ ಇರಬಹುದು. ಹಾಗಾಗಿ ಎರಡು ದಿನ ಅಲುಗಾಡಿಸದೆ ಬಿಟ್ಟು, ಮೇಲಿನ ತಿಳಿ ಬಸಿದು, ಶುದ್ಧ ಕುಡಿಯುವ ನೀರು ತುಂಬಿ ಮತ್ತೆ ತಿಳಿಗೊಳಿಸಿ. ಹೀಗೆ ಮೂರು ಸಲ ತೊಳೆಯಿರಿ. ಉಪ್ಪು ಹೋದ ಮೇಲೆ ಜೇಡಿ ಮತ್ತೆ ತೇಲತೊಡಗುತ್ತದೆ, ಆಗ ಸಾಸಿವೆಯಷ್ಟು ಪಟಿಕದ ಪುಡಿ ಹಾಕಿ. ಕೊನೆಗೆ ಮೊದಲೇ ತೂಗಿಟ್ಟ ಸ್ಟೀಲ್ ಬಟ್ಟಲಿಗೆ ಸುರಿದು 105 ಡಿಗ್ರಿಯಲ್ಲಿ ಒಣಗಿಸಿ, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ.

ಲೆಕ್ಕದ ಬಗೆ ಹೀಗೆ. ಹಳ್ಳ 12 ಮೀಟರ್ ಅಗಲ, ಸರಾಸರಿ 1.5 ಮೀಟರ್ ಆಳ, ಮೇಲಿನ ವೇಗ ಸೆಕೆಂಡಿಗೆ ಅರ್ಧ ಮೀಟರ್ ಅನ್ನೋಣ. ಸೆಕೆಂಡಿಗೆ ಸುಮಾರು 7.6 ಘನ ಮೀಟರ್ ನೀರಾಯಿತು. ಲೀಟರಿಗೆ 0.2 ಗ್ರಾಂ ಕೆಸರಿದ್ದರೆ ಸೆಕೆಂಡಿಗೆ ಒಂದೂವರೆ ಕಿಲೋ, ಗಂಟೆಗೆ 5 ಟನ್ ದಾಟುತ್ತದೆ. ಅದೇ ನೀರು 0.12 ಗ್ರಾಮಿನಂತೆ ವಾಪಸು ಹೋದರೆ ಗಂಟೆಗೆ ಸುಮಾರು 2 ಟನ್ ಒಳಗೇ ಉಳಿಯಿತು. ಬರೀ ಕಣ್ಣಿಗೆ ಎರಡೂ ನೀರು ಒಂದೇ ಬಣ್ಣ. ಅಳತೆ ಬೇಕು ಅನ್ನುವುದು ಇದಕ್ಕೇ.

ಈಗ ಮುಖ್ಯ ಮಾತು. ಹಳ್ಳವನ್ನು ತೆರೆದಿಡುವುದು ಅದರಲ್ಲಿ ಓಡಾಡುವ ನೀರು. 40 ಎಕರೆ ಗಜನಿಯಲ್ಲಿ ಪ್ರತಿ ಭರತಕ್ಕೆ ಅರ್ಧ ಮೀಟರ್ ನೀರು ಹೋಗಿ ಬಂದರೆ ಅದು ಸುಮಾರು 80,000 ಘನ ಮೀಟರ್. ಒಂದು ಕಿಲೋಮೀಟರ್ ಉದ್ದದ ಹಳ್ಳ ತಾನೇ ಹಿಡಿಯುವುದು 12 ಮೀಟರ್ ಅಗಲ, 1.5 ಮೀಟರ್ ಏರಿಳಿತದ ಲೆಕ್ಕದಲ್ಲಿ 18,000. ಸಿಗಡಿಗೆಂದು ನೀರು ಹಿಡಿದಿಡಲು ಜಂತ್ರಡಿಯ ಹಲಗೆ ಹಾಕಿಯೇ ಬಿಟ್ಟರೆ ಹಳ್ಳದ ಬಾಯಲ್ಲಿ ದಾಟುವ ನೀರು ಐದರಲ್ಲಿ ಒಂದು ಪಾಲಿಗಿಂತ ಕಡಿಮೆಯಾಗುತ್ತದೆ. ಆಮೇಲೆ ಹಳ್ಳ ಆ ಸಣ್ಣ ನೀರಿಗೆ ತಕ್ಕಷ್ಟೇ ಅಗಲ ಉಳಿಸಿಕೊಳ್ಳುತ್ತದೆ. ಬಾಂಗ್ಲಾದೇಶದ ಖುಲ್ನಾ, ಜೆಸ್ಸೋರ್ ಕಡೆ 1960ರ ದಶಕದಿಂದ ಒಡ್ಡು ಕಟ್ಟಿ ಭರತದ ನೀರನ್ನು ಹೊರಗಿಟ್ಟಾಗ ಇದೇ ಆಯಿತು: ನದಿಗಳು ಹೂತು, ಒಡ್ಡಿನೊಳಗೆ ಮಳೆನೀರು ನಿಂತಿತು. 1997ರಲ್ಲಿ ಅಲ್ಲಿನ ತಗ್ಗು ಜೌಗು ಪ್ರದೇಶವಾದ ಭಾಯ್ನಾ ಬಿಲ್‌ನಲ್ಲಿ ಊರವರೇ ಒಡ್ಡು ಕಡಿದು ಭರತವನ್ನು ಒಳಗೆ ಬಿಟ್ಟರು. ಒಳಗಿನ ನೆಲ ಎತ್ತರವಾಯಿತು, ಹೊರಗಿನ ಹರಿ ನದಿ ಆಳವಾಯಿತು. ನಮ್ಮಲ್ಲಿ ಒಡ್ಡು ಕಡಿಯುವ ಅಗತ್ಯವೇ ಇಲ್ಲ, ಹಲಗೆ ಎತ್ತಿದರೆ ಸಾಕು.

ಕಗ್ಗದ ಕೊಯ್ಲು ಮುಗಿದ ಮೇಲಿಂದ ಬಿತ್ತನೆಗೆ ಮುಂಚಿನವರೆಗೆ, ಪ್ರತಿ ಅಮಾವಾಸ್ಯೆ-ಹುಣ್ಣಿಮೆಯ ಸುತ್ತ ನಾಲ್ಕೈದು ದಿನ ಹೀಗೆ ಮಾಡಿ: ದೊಡ್ಡ ಭರತದ ನೀರನ್ನು ಒಳಗೆ ಬಿಟ್ಟು ಹಲಗೆ ಹಾಕಿ, ಹೊರಗೆ ಇಳಿತದ ಕೊನೆಯ ಎರಡು ಗಂಟೆ ಬಂದಾಗ ಎತ್ತಿ. ಭರತ ತಿರುಗಿದ ಕೂಡಲೇ ಎತ್ತಿದರೆ ಹೊರಗೂ ನೀರು ಎತ್ತರದಲ್ಲೇ ಇದ್ದು ಸೆಳೆತ ಬರುವುದಿಲ್ಲ. ತಳ ಕಾಣುವಷ್ಟು ಇಳಿದಾಗ ಬಿಟ್ಟ ನೀರೇ ಕೆಸರು ಕೀಳುವುದು. ಮೊದಲ ದಿನಗಳಲ್ಲಿ ಮೇಲಿನ ಎರಡು ಹಲಗೆ ಮಾತ್ರ ತೆಗೆಯಿರಿ. ಎಲ್ಲವನ್ನೂ ಒಟ್ಟಿಗೆ ಎತ್ತಿದರೆ ಜಂತ್ರಡಿಯ ಬುಡವೇ ಕೊರೆದುಹೋಗುತ್ತದೆ. ಹೊರಬದಿಗೆ ನಾಲ್ಕೈದು ಮೀಟರ್ ಉದ್ದ ದೊಡ್ಡ ಚಿರೆಕಲ್ಲು ಹಾಸಿರಬೇಕು. ಸಿಗಡಿ ಗುತ್ತಿಗೆದಾರರ ಹತ್ತಿರ ಈ ದಿನಗಳನ್ನು ಕರಾರಿನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು, ಬಾಯಿಮಾತು ಸಾಲದು. ಬೆಳೆ ಇರುವಾಗ ಉಪ್ಪುನೀರು ಬೇಡ. ಮಳೆನೀರನ್ನೇ ಇಳಿತದ ಕೊನೆಗೆ ಬಿಡಿ.

ಹಿಟಾಚಿ ಬೇಕಾಗುವುದು ಬಾಯಿಯ ಹೊಯ್ಗೆಗೆ. ಅದನ್ನು ತೆಗೆಸುವಾಗ ಬಾಯನ್ನು ನದಿಯ ಹರಿವಿಗೆ ಓರೆಯಾಗಿ ತಿರುಗಿಸಿ, ಅಡ್ಡವಾಗಿ ಬಿಡಬೇಡಿ. ಹಳೆಯ ಆಳಕ್ಕಿಂತ ಹೆಚ್ಚು ತೋಡಿದ ಹೊಂಡ ಮೊದಲು ತುಂಬುತ್ತದೆ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿ ಇಲ್ಲದೆ ಯಂತ್ರ ಇಳಿಸಬೇಡಿ, ಅಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಮುಟ್ಟಬೇಡಿ. ತೆಗೆದ ಮಣ್ಣನ್ನು ಬೆಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವ ದಿಬ್ಬದ ಮೇಲೆ ಸುರಿದರೆ ಬೆಳಚು ಉಸಿರುಗಟ್ಟಿ ಸಾಯುತ್ತದೆ, ಅದನ್ನೇ ನಂಬಿದ ಮನೆಗಳಿವೆ. ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಕೆಸರನ್ನು ಗಜನಿಯ ಒಡ್ಡಿಗೂ ಹಾಕಬೇಡಿ. ಒಣಗಿದಾಗ ಹಳದಿ ಗೆರೆ ಮೂಡಿ ಹುಳಿಯಾಗುತ್ತದೆ, ಮೊದಲ ಮಳೆಗೆ ಆ ಹುಳಿ ಗದ್ದೆಗಿಳಿದು ಮೊಳಕೆ ಸುಡುತ್ತದೆ. ಒಂದು ಬುಟ್ಟಿ ಒಣಗಿಸಿ ಪಿಎಚ್ ಕಾಗದದಲ್ಲಿ ನೋಡಿ. 4ರ ಕೆಳಗೆ ಬಂದರೆ ಆ ಮಣ್ಣು ಗಜನಿಗೆ ಬೇಡವೇ ಬೇಡ.

ಕಾಳಿ, ಶರಾವತಿ ದಡದ ಸದಸ್ಯರು ಇದನ್ನು ಹಾಗೆಯೇ ಅನುಸರಿಸಬೇಡಿ. ಕದ್ರಾ, ಗೇರುಸೊಪ್ಪೆಯಲ್ಲಿ ವಿದ್ಯುತ್ತಿಗೆ ಬಿಡುವ ನೀರು ಬೇಸಿಗೆಯಲ್ಲೂ ಬರುತ್ತದೆ, ಮೇಲಿನ ಹೂಳು ಅಣೆಕಟ್ಟುಗಳಲ್ಲೇ ನಿಲ್ಲುತ್ತದೆ. ಅಲ್ಲಿ ಅಳೆಯುವಾಗ ನೀರು ಬಿಟ್ಟ ಹೊತ್ತನ್ನೂ ಬರೆದಿಟ್ಟುಕೊಳ್ಳಿ, ಇಲ್ಲವಾದರೆ ಇಳಿತದ ವೇಗ ಯಾವುದು, ಬಿಟ್ಟ ನೀರಿನ ವೇಗ ಯಾವುದು ತಿಳಿಯುವುದಿಲ್ಲ. ಗಂಗಾವಳಿಯವರಿಗೆ ಮೇಲಿನದೆಲ್ಲ ಅನ್ವಯಿಸುತ್ತದೆ.

ಮೂರು ಕಡೆಯ ಮಣ್ಣಿನ ಫೋಟೋ, ಜಂತ್ರಡಿಯ ಹೊಸ್ತಿಲು ಹಳ್ಳದ ತಳಕ್ಕಿಂತ ಎಷ್ಟು ಎತ್ತರದಲ್ಲಿದೆ, ಹಲಗೆ ಎಷ್ಟು ತಿಂಗಳು ಮುಚ್ಚಿರುತ್ತದೆ, ಇಷ್ಟನ್ನು ಇಲ್ಲೇ ಹಾಕಿ. ಬಾಯಿಯ ಕೋನ ಎಷ್ಟಿರಬೇಕೆಂದು ಅದನ್ನು ನೋಡಿ ಹೇಳಬಹುದು.