ಊರಲ್ಲಿಲ್ಲದ ಡೇಟಾ ಸೆಂಟರ್, ಮನೆಗೆ ಬಂದ ಬಿಲ್

ಓದುಗರ ಪ್ರಶ್ನೆಗೆ ನಿವೃತ್ತ ವಿದ್ಯುತ್ ಎಂಜಿನಿಯರ್ ಉತ್ತರ

*ಪ್ರಶ್ನೆ: ನನ್ನ ತಮ್ಮ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಕರೆಂಟ್ ಬಿಲ್ ವಿಪರೀತ ಏರಿದೆ, ಎಲ್ಲಾ ಈ ಎಐ ಡೇಟಾ ಸೆಂಟರ್‌ಗಳಿಂದಲೇ ಅಂತಾನೆ. ಆದರೆ ಅವನ ಊರಲ್ಲಿ ಒಂದೂ ಡೇಟಾ ಸೆಂಟರ್ ಇಲ್ಲವಂತೆ. ನೀವು ಕೆಇಬಿಯಲ್ಲಿದ್ದವರು, ಮಗಳ ಮನೆಗೆಂದು ವರ್ಜೀನಿಯಾಕ್ಕೆ ಹೋಗಿ ಬರುವವರು. ಅವನು ಹೇಳೋದು ನಿಜವೇ, ಇಲ್ಲಾ ಸುಮ್ನೆ ಗೊಣಗುತ್ತಿದ್ದಾನಾ?*
ಓದುಗರು, ತಿಪಟೂರು

ಸುಮ್ನೆ ಗೊಣಗುತ್ತಿಲ್ಲ. 2025ರ ಜೂನ್‌ನಿಂದ ನ್ಯೂಜೆರ್ಸಿಯ ಮನೆಗಳ ಬಿಲ್ ಶೇ 17ರಿಂದ 20ರಷ್ಟು ಏರಿತು. ಆ ನವೆಂಬರ್‌ನಲ್ಲಿ ಗವರ್ನರ್ ಚುನಾವಣೆ ಗೆದ್ದ ಮಿಕಿ ಶೆರಿಲ್ ಪ್ರಚಾರದಲ್ಲಿ ಕೊಟ್ಟ ದೊಡ್ಡ ಭರವಸೆ ಕರೆಂಟ್ ದರಕ್ಕೆ ತಡೆ ಹಾಕುತ್ತೇನೆ ಅನ್ನೋದೇ.

ಡೇಟಾ ಸೆಂಟರ್ ಅಂದರೆ ಸಾವಿರಾರು ಕಂಪ್ಯೂಟರ್‌ಗಳು ಹಗಲೂ ರಾತ್ರಿ ಓಡುವ ಕಟ್ಟಡ. ಅದು ಊರಲ್ಲಿ ಇಲ್ಲದಿದ್ದರೂ ಬಿಲ್ ಏರಿದ್ದು ಹೇಗೆ? ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಓಹಾಯೊ, ವರ್ಜೀನಿಯಾ ಸೇರಿ 13 ರಾಜ್ಯಗಳು ಪೂರ್ತಿಯಾಗಿಯೋ ಅರ್ಧಂಬರ್ಧವೋ ಒಂದೇ ಗ್ರಿಡ್‌ನಲ್ಲಿವೆ. ರಾಜಧಾನಿ ವಾಷಿಂಗ್ಟನ್ ಕೂಡ. ಅದನ್ನು ನಡೆಸುವ ಸಂಸ್ಥೆಯ ಹೆಸರು ಪಿಜೆಎಂ. ಆರೂವರೆ ಕೋಟಿಗೂ ಜಾಸ್ತಿ ಜನಕ್ಕೆ ಅದೇ ಗ್ರಿಡ್ ಆಧಾರ. ಅಲ್ಲಿ ಯೂನಿಟ್ಟಿನ ಬೆಲೆ ಬೇರೆ, ‘ಬೇಕೆಂದ ದಿನ ಸಿದ್ಧವಿರುತ್ತೇನೆ’ ಎಂದು ವಿದ್ಯುತ್ ಸ್ಥಾವರ ಮೊದಲೇ ಕೊಡುವ ಮಾತಿನ ಬೆಲೆ ಬೇರೆ. ಆ ಮಾತಿಗೆ ಹರಾಜು ನಡೆಯುತ್ತದೆ. ಮದುವೆ ಸೀಸನ್ನಿಗೆ ಅಡಿಗೆಯವರಿಗೆ ಅಡ್ವಾನ್ಸ್ ಕೊಟ್ಟು ದಿನ ಹಿಡಿದಿಡುತ್ತೇವಲ್ಲ, ಹಾಗೆ. ಛತ್ರಗಳೆಲ್ಲ ತುಂಬಿ, ಅಡಿಗೆಯವರು ಮಾತ್ರ ಹಿಂದಿನಷ್ಟೇ ಮಂದಿ ಇದ್ದರೆ ಮನೆಯಲ್ಲೇ ಚಿಕ್ಕದಾಗಿ ನಾಮಕರಣ ಮಾಡುವವನೂ ಹೊಸ ರೇಟೇ ಕೊಡಬೇಕು.

2024-25ರ ಸಾಲಿಗೆ ಈ ಅಡ್ವಾನ್ಸ್ ಒಂದು ಮೆಗಾವ್ಯಾಟ್‌ಗೆ ದಿನಕ್ಕೆ ಸುಮಾರು 29 ಡಾಲರ್ ಇತ್ತು. ಮರುವರ್ಷದ ಸಾಲಿಗೆ 270 ಆಯಿತು. ಅದರ ಮುಂದಿನ ಸಾಲಿಗೆ 329. ಅದೂ ಪೆನ್ಸಿಲ್ವೇನಿಯಾದ ಗವರ್ನರ್ ಜಾಶ್ ಶಪೀರೊ ಹಟ ಹಿಡಿದು ಬೆಲೆಗೊಂದು ಮಿತಿ ಹಾಕಿಸಿದ್ದರಿಂದ ಅಲ್ಲಿಗೆ ನಿಂತಿತು. ಬೆಲೆ 29ರಿಂದ 270ಕ್ಕೆ ಏರಿದ ಆ ಒಂದೇ ಹರಾಜಿಗೆ ಒಟ್ಟು ಮೊತ್ತ 220 ಕೋಟಿಯಿಂದ 1,470 ಕೋಟಿ ಡಾಲರ್‌ಗೆ ಹಾರಿತು. ಪಿಜೆಎಂ ಮಾರುಕಟ್ಟೆಯ ಮೇಲೆ ಕಣ್ಣಿಡುವ ಸ್ವತಂತ್ರ ಪರಿವೀಕ್ಷಕರ ಲೆಕ್ಕದಲ್ಲಿ ಇದರಲ್ಲಿ 930 ಕೋಟಿ ಡೇಟಾ ಸೆಂಟರ್‌ಗಳಿಂದಲೇ ಬಂದ ಹೊರೆ. ಹಳೆ ಕಲ್ಲಿದ್ದಲು ಸ್ಥಾವರಗಳು ಮುಚ್ಚುತ್ತಿವೆ, ಹೊಸ ಸ್ಥಾವರಗಳು ಗ್ರಿಡ್ಡಿಗೆ ಸೇರಲು ವರ್ಷಗಟ್ಟಲೆ ಕ್ಯೂನಲ್ಲಿವೆ. ಹಾಗಾಗಿ ಪೂರ್ತಿ ಪಾಪವನ್ನು ಎಐ ತಲೆಗೆ ಕಟ್ಟಬೇಡಿ.

ನನ್ನ ಮಗಳು ಇರೋದು ಈ ಗ್ರಿಡ್ಡಿನ ಇನ್ನೊಂದು ತುದಿಯಲ್ಲಿ, ವರ್ಜೀನಿಯಾದ ಲೌಡನ್ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಜಗತ್ತಿನಲ್ಲೇ ಅತಿ ಹೆಚ್ಚು ಡೇಟಾ ಸೆಂಟರ್ ಒತ್ತೊತ್ತಾಗಿ ಇರುವ ಜಾಗ ಅದು. 1990ರ ದಶಕದಲ್ಲಿ ಎಒಎಲ್ ಎಂಬ ಇಂಟರ್ನೆಟ್ ಕಂಪನಿ ಅಲ್ಲಿಗೆ ಬಂತು, ನೆಲದಡಿ ಇಂಟರ್ನೆಟ್ ಕೇಬಲ್ ಹರಡಿಕೊಂಡವು, ಉಳಿದವರೂ ಬಂದು ಸೇರಿಕೊಂಡರು. ಆಶ್‌ಬರ್ನ್ ಊರಿನಲ್ಲಿ ಹಳೆ ರೈಲು ದಾರಿಯೊಂದನ್ನು ವಾಕಿಂಗ್ ದಾರಿ ಮಾಡಿದ್ದಾರೆ. ಅಲ್ಲಿ ನಡೆದರೆ ಪಕ್ಕದಲ್ಲೇ ಕಿಟಕಿಯಿಲ್ಲದ ಬೂದು ಗೋಡೆ, ಮುಗಿಯೋದೇ ಇಲ್ಲ. ಬೇಲಿಯೊಳಗೆ ಸಾಲಾಗಿ ಡೀಸೆಲ್ ಜನರೇಟರ್‌ಗಳು, ಒಂದೊಂದೂ ಕಂಟೇನರ್ ಲಾರಿಯಷ್ಟು ಉದ್ದ. ಚಾವಣಿಯ ಫ್ಯಾನುಗಳ ಗುಂಯ್ ಸದ್ದು. ಪಾರ್ಕಿಂಗ್‌ನಲ್ಲಿ ನಾಲ್ಕೈದು ಕಾರು. ಆ ಪಕ್ಕಕ್ಕೇ ಸಬ್‌ಸ್ಟೇಷನ್. ಅದರ ಟ್ರಾನ್ಸ್‌ಫಾರ್ಮರ್ ನೋಡಿದ ಕೂಡಲೇ ನನ್ನ ಮನಸ್ಸು ಲೋಡ್ ಲೆಕ್ಕ ಹಾಕಲು ಶುರುಮಾಡುತ್ತದೆ. ಇದರಲ್ಲಿ ನಮ್ಮ ಒಂದು ತಾಲ್ಲೂಕೇ ನಡೆಯುತ್ತಿತ್ತು ಅಂತ. ಕೆಲಸ ಬಿಟ್ಟರೂ ಚಾಳಿ ಬಿಡೋದಿಲ್ಲ.

ಲೌಡನ್‌ಗೆ ಈ ಕಟ್ಟಡಗಳಿಂದ ಭಾರಿ ತೆರಿಗೆ ಬರುತ್ತದೆ. ಶಾಲೆ, ರಸ್ತೆಗೆ ದುಡ್ಡು, ಮನೆಯವರಿಗೆ ಕಡಿಮೆ ತೆರಿಗೆ ದರ. ನಿಮ್ಮ ತಮ್ಮನಿಗೆ ಅದರಲ್ಲಿ ಒಂದು ಬಿಡಿಗಾಸೂ ಇಲ್ಲ, ಅಡ್ವಾನ್ಸಿನ ಪಾಲು ಮಾತ್ರ ಉಂಟು. ಎಐ ಒಳ್ಳೆಯದೋ ಕೆಟ್ಟದ್ದೋ ಅಂತ ಟೀವಿಯಲ್ಲಿ ಕೂಗಾಡಲಿ. ನನ್ನ ತಕರಾರು ಇದೊಂದೇ: ಲೋಡ್ ತಂದವನೇ ಅದರ ಖರ್ಚು ಕೊಡಲಿ.

ಓಹಾಯೊದಲ್ಲಿ 2025ರ ಜುಲೈನಲ್ಲಿ ಹಾಗೆ ಮಾಡಿದರು. ಹೊಸ ದೊಡ್ಡ ಡೇಟಾ ಸೆಂಟರ್ ಎಷ್ಟು ಲೋಡ್ ಕೇಳಿತ್ತೋ ಅದರ ಶೇ 85ಕ್ಕೆ ಬಳಸಲಿ ಬಿಡಲಿ ದುಡ್ಡು ಕಟ್ಟಲೇಬೇಕು, 12 ವರ್ಷದವರೆಗೆ. ಮುಂದೇನಾಯ್ತು ಗೊತ್ತಾ? ಅಲ್ಲಿನ ವಿದ್ಯುತ್ ಕಂಪನಿ ಎಇಪಿ ಓಹಾಯೊ ಮುಂದಿದ್ದ 30,000 ಮೆಗಾವ್ಯಾಟ್ ಬೇಡಿಕೆ 13,000ಕ್ಕೆ ಇಳಿಯಿತು. ಉಳಿದದ್ದು ‘ಯಾವುದಕ್ಕೂ ಇರಲಿ’ ಅಂತ ಹಾಕಿದ್ದ ಅರ್ಜಿಗಳು! ವರ್ಜೀನಿಯಾ ಕೂಡ ದೊಡ್ಡ ಗ್ರಾಹಕರಿಗೆ ಇಂಥದ್ದೇ ಬೇರೆ ದರಪಟ್ಟಿ ಒಪ್ಪಿದೆ, ಜಾರಿಗೆ ಬರೋದು 2027ಕ್ಕೆ. ನಮ್ಮಲ್ಲೂ ಬಿಲ್ಲಿನಲ್ಲಿ ಮಂಜೂರಾದ ಲೋಡಿಗೆ ನಿಗದಿತ ಶುಲ್ಕ ಅಂತ ಒಂದು ಸಾಲು ಇರುತ್ತದೆ. ಗೃಹಜ್ಯೋತಿ ಬಂದ ಮೇಲೆ ಬಿಲ್ ತಿರುಗಿಸಿ ನೋಡುವವರೇ ಕಡಿಮೆ ಬಿಡಿ.

*ಪ್ರಶ್ನೆ: ಅಷ್ಟೊಂದು ಜನರೇಟರ್ ಇದೆಯಲ್ಲ, ಸೆಕೆ ಜಾಸ್ತಿಯಾದ ದಿನ ಅವರು ಅದರ ಮೇಲೆ ನಡೆಸಿ, ಕರೆಂಟ್ ಜನಕ್ಕೆ ಬಿಡಬಾರದೇ?*
ಓದುಗರು, ಹಾಸನ

ನಿಮ್ಮ ಯೋಚನೆ ಟೆಕ್ಸಾಸ್‌ನಲ್ಲಿ ಆಗಲೇ ಕಾನೂನು. 2025ರಲ್ಲಿ ಪಾಸಾಯಿತು. 75 ಮೆಗಾವ್ಯಾಟ್ ಮೇಲಿನ ಹೊಸ ಗ್ರಾಹಕರು ಗ್ರಿಡ್ ತುರ್ತಿನಲ್ಲಿದ್ದಾಗ ಲೋಡ್ ಇಳಿಸಬೇಕು, ಇಲ್ಲವೇ ಸ್ವಂತ ಜನರೇಟರ್‌ಗೆ ಹೋಗಬೇಕು. ಡೀಸೆಲ್ ಹೊಗೆಯ ಕಾರಣ ಎಷ್ಟು ಗಂಟೆ ಓಡಿಸಬಹುದು ಅನ್ನೋದಕ್ಕೂ ಮಿತಿ ಇರುತ್ತದೆ.

ಆದರೆ ಹೇಳದೆ ಕೇಳದೆ ಒಟ್ಟಿಗೇ ಜನರೇಟರ್‌ಗೆ ಹೋದರೆ ಅದೇ ಅಪಾಯ. 2024ರ ಜುಲೈನಲ್ಲಿ ಉತ್ತರ ವರ್ಜೀನಿಯಾದ 230 ಕೆವಿ ಲೈನಿನಲ್ಲಿ ಒಂದು ಲೈಟ್ನಿಂಗ್ ಅರೆಸ್ಟರ್ (ಸಿಡಿಲಿನಿಂದ ಲೈನನ್ನು ಕಾಯುವ ಸಾಧನ) ಕೆಟ್ಟಿತು. ವೋಲ್ಟೇಜ್ ಮತ್ತೆ ಮತ್ತೆ ಕುಸಿದದ್ದು ಕಂಡು 60 ಡೇಟಾ ಸೆಂಟರ್‌ಗಳು ತಾವಾಗಿ ಗ್ರಿಡ್ ಬಿಟ್ಟವು. ಒಮ್ಮೆಲೇ 1,500 ಮೆಗಾವ್ಯಾಟ್ ಲೋಡ್ ಮಾಯ! ಲೋಡ್ ಹೋದರೆ ಒಳ್ಳೆಯದೇ ಅಲ್ವಾ ಅನ್ನಬೇಡಿ. ಉತ್ಪಾದನೆ ಕೂಡಲೇ ಇಳಿಸದಿದ್ದರೆ ಫ್ರೀಕ್ವೆನ್ಸಿ, ವೋಲ್ಟೇಜ್ ಎರಡೂ ಏರುತ್ತವೆ. ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಮಾತ್ರ ಆ ಬೆವರು ಗೊತ್ತು. ಆವತ್ತು ಹೇಗೋ ಸಂಭಾಳಿಸಿದರು.

*ಪ್ರಶ್ನೆ: ಎಐಗೆ ಒಂದು ಪ್ರಶ್ನೆ ಕೇಳಿದರೆ ಒಂದು ಬಾಟಲಿ ನೀರು ಖರ್ಚಂತೆ, ಹೌದಾ?*
ಓದುಗರು, ಶಿರಸಿ

ಇಲ್ಲ. ಗೂಗಲ್ 2025ರಲ್ಲಿ ಕೊಟ್ಟ ಲೆಕ್ಕದಲ್ಲಿ ಅದರ ಜೆಮಿನಿಗೆ ಕೇಳುವ ಸಾಮಾನ್ಯ ಪ್ರಶ್ನೆಗೆ ಸುಮಾರು ಐದು ಹನಿ ನೀರು. ಕರೆಂಟ್ ಉತ್ಪಾದನೆಗೆ ತಗಲುವ ನೀರನ್ನು ಅದರಲ್ಲಿ ಸೇರಿಸಿಲ್ಲ ಎಂಬ ತಕರಾರು ಇದೆ, ಅದು ಸರಿಯಾದ ತಕರಾರು.

*ಪ್ರಶ್ನೆ: ಅಲ್ಲಿ ಜನ ವಿರೋಧಿಸೋದಿಲ್ಲವೇ?*
ಓದುಗರು, ಮಂಡ್ಯ

ವಿರೋಧಿಸುತ್ತಾರೆ, ಗಟ್ಟಿಯಾಗಿ. ಲೌಡನ್ ಪಕ್ಕದ ಪ್ರಿನ್ಸ್ ವಿಲಿಯಂ ಕೌಂಟಿಯಲ್ಲಿ, ಅಂತರ್ಯುದ್ಧದ ಮನಾಸಸ್ ರಣಭೂಮಿಗೆ ತಾಗಿಕೊಂಡು 2,100 ಎಕರೆಯಲ್ಲಿ ಡೇಟಾ ಸೆಂಟರ್ ಕಟ್ಟುವ ಯೋಜನೆ ಬಂತು. 2023ರ ಡಿಸೆಂಬರ್‌ನಲ್ಲಿ ನಡೆದ ಕೌಂಟಿ ಆಡಳಿತದ ಸಭೆ ಸುಮಾರು 27 ಗಂಟೆ ಎಳೆಯಿತು. ಜನ ರಾತ್ರಿಯಿಡೀ ಸರದಿ ಪ್ರಕಾರ ಮಾತಾಡಿದರು. ಆದರೂ ಯೋಜನೆ ಪಾಸಾಯಿತು. ನಿವಾಸಿಗಳು ಕೋರ್ಟಿಗೆ ಹೋದರು. 2025ರ ಆಗಸ್ಟ್‌ನಲ್ಲಿ ನ್ಯಾಯಾಧೀಶರು ಆ ಒಪ್ಪಿಗೆಯನ್ನೇ ರದ್ದು ಮಾಡಿದರು. ಕಾರಣ ರಣಭೂಮಿಯೂ ಅಲ್ಲ, ಕರೆಂಟೂ ಅಲ್ಲ. ಸಭೆಗೆ ಮೊದಲು ಪತ್ರಿಕೆಯಲ್ಲಿ ಕೊಡಬೇಕಿದ್ದ ಪ್ರಕಟಣೆಯನ್ನು ನಿಯಮದಂತೆ ಕೊಟ್ಟಿರಲಿಲ್ಲ. ಕಂಪನಿಗಳು ಮೇಲ್ಮನವಿ ಹಾಕಿದವು.