ಎಂ-ಸ್ಯಾಂಡ್ ಘಟಕದ ಸ್ಲರಿ ಪಂಪ್ ಬೇಗ ಸವೆಯುತ್ತಿದೆ, ರಬ್ಬರ್ ಹಾಕಿಸಲೋ ಹೈ ಕ್ರೋಮ್ ಹಾಕಿಸಲೋ?

ಕಾರ್ಕಳದ ಕಡೆ ಎಂ-ಸ್ಯಾಂಡ್ ತೊಳೆಯುವ ಘಟಕ, ಸಂಪ್‌ನಿಂದ ಸೈಕ್ಲೋನ್‌ಗೆ (ನೀರನ್ನು ಸುತ್ತಿಸಿ ಮರಳು ಬೇರೆ ಮಾಡುವ ಸಾಧನ) ಸ್ಲರಿ, ಅಂದರೆ ಮರಳು ನೀರು, ಎತ್ತುವ ಪಂಪಿನ ಇಂಪೆಲ್ಲರ್ (ಒಳಗೆ ತಿರುಗುವ ಚಕ್ರ) ಎರಡು ತಿಂಗಳೂ ಬರುವುದಿಲ್ಲ ಅಂದಿದ್ದೀರಿ. ನಾನು ಬೈಕಂಪಾಡಿಯಲ್ಲಿ ಪಂಪ್ ರಿಪೇರಿ ಮಾಡುವವನು. ನಿಮ್ಮ ಮರಳಿಗೆ ಹೈ ಕ್ರೋಮ್, ಅಂದರೆ ಕ್ರೋಮಿಯಂ ಜಾಸ್ತಿ ಇರುವ ಗಟ್ಟಿ ಎರಕದ ಕಬ್ಬಿಣ, ಸರಿ. ಆದರೆ ಅದಕ್ಕೂ ಮೊದಲು ಪಂಪ್ ಎಷ್ಟು ಆರ್‌ಪಿಎಂನಲ್ಲಿ ಓಡುತ್ತಿದೆ ನೋಡಿ.

ಸ್ಪೀಡ್ ಸ್ವಲ್ಪ ಏರಿದರೂ ಸವೆತ ತುಂಬಾ ಏರುತ್ತದೆ. ಅದೇ ಪಂಪನ್ನು 1450ರ ಬದಲು 1150 ಆರ್‌ಪಿಎಂನಲ್ಲಿ ಓಡಿಸಿದರೆ ಸವೆತ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಹೆಡ್ (ಪಂಪ್ ನೀರನ್ನು ಎಷ್ಟು ಮೀಟರ್ ಎತ್ತಬಲ್ಲದು ಅನ್ನುವ ಲೆಕ್ಕ) ಕೂಡ ಮೂರರಲ್ಲೊಂದು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ, ಅದು ನಿಜ. ಆದರೆ ಅಷ್ಟು ಹೆಡ್ ನಿಮಗೆ ಬೇಕಾ? ನಮ್ಮಲ್ಲಿ 'ಸೇಫ್ಟಿಗೆ ಇರಲಿ' ಅಂತ 20 ಮೀಟರ್ ಸಾಕಾಗುವಲ್ಲಿ 35 ಮೀಟರಿನ ಪಂಪ್ ತರುತ್ತಾರೆ. ಆಮೇಲೆ ವಾಲ್ವ್ ಅರ್ಧ ಮುಚ್ಚಿ ಓಡಿಸುತ್ತಾರೆ ಮಾರಾಯ್ರೇ! ಮರಳು ಕೇಸಿಂಗ್ ಒಳಗೇ ಸುತ್ತುತ್ತದೆ, ವಾಲ್ವೂ ಸವೆಯುತ್ತದೆ. ಎತ್ತರ, ಪೈಪಿನ ಘರ್ಷಣೆ, ಸೈಕ್ಲೋನ್‌ಗೆ ಬೇಕಾದ ಒತ್ತಡ ಮೂರನ್ನೂ ಕೂಡಿಸಿ, ಅಷ್ಟಕ್ಕೇ ಪಂಪ್ ತೆಗೆದುಕೊಳ್ಳಿ. ಬೆಲ್ಟ್ ಡ್ರೈವ್ ಇರಲಿ, ಪುಲ್ಲಿ ಬದಲಿಸಿ ಸ್ಪೀಡ್ ಹೊಂದಿಸಬಹುದು. ತೀರಾ ಇಳಿಸಿದರೆ ಪೈಪಿನಲ್ಲೇ ಮರಳು ಕೂರುತ್ತದೆ, ಅಷ್ಟು ಇಳಿಸಬೇಡಿ.

ಇನ್ನು ರಬ್ಬರ್. ಕುದುರೆಮುಖದಿಂದ ಪಣಂಬೂರಿಗೆ 67 ಕಿಲೋಮೀಟರ್ ಪೈಪಿನಲ್ಲಿ ಅದಿರು ಹರಿದು ಬರುತ್ತಿದ್ದ ಊರು ನಮ್ಮದು, ರಬ್ಬರ್ ಹಾಕಿಸಿ ಅಂತ ಸಲಹೆ ಕೊಡುವ ಹಳಬರು ಬೇಕಾದಷ್ಟು ಸಿಗುತ್ತಾರೆ. ಆ ಅದಿರು ಹಿಟ್ಟಿನ ಹಾಗೆ ನುಣ್ಣಗೆ ಅರೆದದ್ದು. ನಿಮ್ಮದು ಕರಿಕಲ್ಲು ಒಡೆದ ಚೂಪು ಮರಳು. ಸಣ್ಣ ಕಣ ರಬ್ಬರಿಗೆ ಬಡಿದು ಪುಟಿಯುತ್ತದೆ. ಆದರೆ ಜಾಲರಿ ಹರಿದು ಒಂದು ಜಲ್ಲಿ ಚೂರು ಒಳಗೆ ಬಂದರೆ ಲೈನರ್ (ಪಂಪಿನ ಒಳಗಿನ ಹೊದಿಕೆ) ಸೀಳಿಬಿಡುತ್ತದೆ. ಎಣ್ಣೆ, ಗ್ರೀಸ್ ಕೂಡ ರಬ್ಬರಿಗೆ ಆಗುವುದಿಲ್ಲ. ಕ್ರಷರಿನ ಜಾಲರಿಯ ಮೇಲೆ ನನಗಂತೂ ಅಷ್ಟು ನಂಬಿಕೆ ಇಲ್ಲ. 27 ಪರ್ಸೆಂಟ್ ಕ್ರೋಮ್ ಇರುವ ಬಿಳಿ ಎರಕದ ಕಬ್ಬಿಣ ಕೇಳಿ. ಸುಮ್ನೆ 'ಹಾರ್ಡ್ ಅಲಾಯ್' ಅಂದರೆ ಒಪ್ಪಬೇಡಿ, ಟೆಸ್ಟ್ ಸರ್ಟಿಫಿಕೇಟ್ ತೋರಿಸಲಿ.

ಮೋಟಾರು ಸಾದಾ ನೀರಿನ ಲೆಕ್ಕದಲ್ಲಿ ಬೇಡ. ತೂಕದಲ್ಲಿ 30 ಪರ್ಸೆಂಟ್ ಮರಳಿದ್ದರೆ ಸ್ಲರಿ ನೀರಿಗಿಂತ ಸುಮಾರು ಕಾಲುಭಾಗ ಜಾಸ್ತಿ ಭಾರ, ಮೋಟಾರಿಗೂ ಅಷ್ಟು ಹೆಚ್ಚು ಶಕ್ತಿ ಬೇಕು.

ಗ್ಲ್ಯಾಂಡಿಗೆ (ಶಾಫ್ಟ್ ಹತ್ತಿರ ಸೋರಿಕೆ ತಡೆಯುವ ಪ್ಯಾಕಿಂಗ್ ಇರುವ ಜಾಗ) ಶುದ್ಧ ನೀರು ಬೇಕು, ಪಂಪಿನ ಒತ್ತಡಕ್ಕಿಂತ ತುಸು ಜಾಸ್ತಿ ಒತ್ತಡದಲ್ಲಿ. ಏಪ್ರಿಲ್ ಮೇ ತಿಂಗಳಲ್ಲಿ ನಿಮ್ಮ ಬಾವಿ ಬತ್ತುತ್ತದಾ? ಹಾಗಾದರೆ ಎಕ್ಸ್‌ಪೆಲ್ಲರ್ ಸೀಲ್ (ಹೊರಗಿನ ನೀರಿಲ್ಲದೆ, ಹಿಂದೆ ತಿರುಗುವ ಇನ್ನೊಂದು ಚಕ್ರದಿಂದಲೇ ಸೋರಿಕೆ ತಡೆಯುವ ಸೀಲ್) ಇರುವ ಪಂಪ್ ನೋಡಿ. ಸಂಪ್‌ನಲ್ಲಿ ನೀರು ತುಂಬಾ ಎತ್ತರಕ್ಕೆ ನಿಂತರೆ ಮಾತ್ರ ಅದು ತಡೆಯಲಾರದು. ಇಂಪೆಲ್ಲರ್ ಸವೆದಂತೆ ಮುಂದಿನ ಲೈನರಿನ ಸಂದು ದೊಡ್ಡದಾಗುತ್ತದೆ. ಬೇರಿಂಗ್ ಹೌಸಿಂಗಿನ ಬೋಲ್ಟ್ ತಿರುಗಿಸಿ ಆಗಾಗ ಸರಿಮಾಡಿ.

ಈಗಿನ ಪಂಪಿನ ಆರ್‌ಪಿಎಂ, ಇಂಪೆಲ್ಲರ್ ವ್ಯಾಸ, ಎತ್ತುವ ಎತ್ತರ, ಸೈಕ್ಲೋನ್ ಒತ್ತಡ ಬರೆದು ಹಾಕಿ. ಪುಲ್ಲಿ ಬದಲಿಸಿದರೇ ಸಾಕೋ, ಹೊಸ ಪಂಪೇ ಬೇಕೋ ಹೇಳುತ್ತೇನೆ.